ಜುಲೈಯ ಸಕ್ಕರೆ, ಮಾರ್ಚಿನ ಸಕ್ಕರೆ

ಪ್ರಕರಣದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಸುಳ್ಯದ ಕಡೆಯ ಒಬ್ಬ ಹುಡುಗ ಜೇನು ಸಾಕಿದ ಮೊದಲ ವರ್ಷ ಗಿರಾಕಿಗಳಿಗೆ ಸಕ್ಕರೆ ಪಾಕವನ್ನು ಜೇನೆಂದು ಮಾರಿದ. ಮೂರನೇ ವರ್ಷ ನಿಜ ಹೇಳಿ ದೊಡ್ಡದೊಂದು ವ್ಯಾಪಾರ ಕಳೆದುಕೊಂಡ. ನಡುವೆ ಅವನು ಯಾವ ಪ್ರವಚನವನ್ನೂ ಕೇಳಲಿಲ್ಲ, ಯಾವ ದೇವರ ಮುಂದೆಯೂ ಆಣೆ ಮಾಡಲಿಲ್ಲ. ಹಾಗಾದರೆ ಬದಲಾದದ್ದೇನು?

ಹುಡುಗನಿಗೆ ಹೆಸರಿಡುವುದಿಲ್ಲ. ಅವನು ಯಾವುದೇ ಒಬ್ಬ ವ್ಯಕ್ತಿಯಲ್ಲ. ಘಟ್ಟದ ಬುಡದಲ್ಲಿ ಜೇನು ಸಾಕಲು ಹೊರಟ ಹಲವರ ಪಾಡನ್ನು ಒಂದೇ ಮನೆಯೊಳಗೆ ಕೂರಿಸಿ ಕಟ್ಟಿದ ಪ್ರಕರಣ ಇದು. ಇದರ ಬಿಡಿ ಸಂಗತಿಗಳು ಆ ಕಡೆಯ ಯಾರಿಗೂ ಹೊಸತೆನಿಸಲಾರವು.

ಹುಡುಗ ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ ಮಾಡುತ್ತಿದ್ದ. ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಊರಿಗೆ ಬಂದ. ಮನೆಗಿದ್ದದ್ದು ಒಂದು ಎಕರೆ ಅಡಿಕೆ ತೋಟ. ಸುಳ್ಯ ತಾಲ್ಲೂಕಿನ ಎಷ್ಟೋ ತೋಟಗಳಂತೆ ಅದಕ್ಕೂ ಹಳದಿ ಎಲೆ ರೋಗ ಹಿಡಿದಿತ್ತು. ಮರಗಳು ನಿಂತಿದ್ದವು, ಫಸಲು ಇರಲಿಲ್ಲ. ಸುತ್ತ ರಬ್ಬರ್ ತೋಟಗಳು, ಆಚೆಗೆ ಕಾಡು. ಇಂಥವನಿಗೆ ಜೇನು ಕೃಷಿ ಹೇಳಿ ಮಾಡಿಸಿದ್ದೆಂದು ಯಾರಿಗಾದರೂ ಅನಿಸುತ್ತದೆ. ಅನಿಸುವುದರಲ್ಲಿ ತಪ್ಪೂ ಇಲ್ಲ. ಜೇನು ಸಾಕುವವನಿಗೆ ಸ್ವಂತ ಜಾಗ ಬೇಕೆಂದಿಲ್ಲ. ಪೆಟ್ಟಿಗೆ ಇಡುವಷ್ಟು ನೆರಳು ಸಾಕು. ನೊಣಗಳು ಸುತ್ತಲಿನ ಒಂದು ಕಿಲೋಮೀಟರಿನಷ್ಟು ಜಾಗದ ಹೂವಿನಿಂದ ತರುತ್ತವೆ, ಪಹಣಿ ಯಾರ ಹೆಸರಿನಲ್ಲಿದ್ದರೂ.

ಈ ಆಸೆ ಹಳೆಯದು. 1910ರ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿ ಪಾದ್ರಿ ನ್ಯೂಟನ್ ನಮ್ಮ ತುಡುವೆ ಜೇನಿಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ರೂಪಿಸಿ ಹಳ್ಳಿಗರಿಗೆ ಕಲಿಸಿದರು. ದಕ್ಷಿಣದಲ್ಲಿ ಇಂದಿಗೂ ಆ ಪೆಟ್ಟಿಗೆ ಅವರ ಹೆಸರಿನಲ್ಲೇ ಇದೆ. 1920ರ ದಶಕದಲ್ಲಿ ಮಾರ್ತಾಂಡಂನಲ್ಲಿ ಸ್ಪೆನ್ಸರ್ ಹ್ಯಾಚ್ ಗ್ರಾಮೋದ್ಧಾರದ ಕೆಲಸಕ್ಕೆ ಜೇನನ್ನು ಸೇರಿಸಿಕೊಂಡರು. 1928ರಲ್ಲಿ ರಾಯಲ್ ಕೃಷಿ ಆಯೋಗವೂ ಇದನ್ನು ಗೃಹ ಕೈಗಾರಿಕೆಯಾಗಿ ಶಿಫಾರಸು ಮಾಡಿತು. ಈಚೆಗೆ 2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿ ಘೋಷಿಸಿತು. ನೂರು ವರ್ಷಗಳಿಂದ ಹಳ್ಳಿಯ ಯುವಕನ ಕೈಗೆ ಪೆಟ್ಟಿಗೆ ಬರುತ್ತಲೇ ಇದೆ.

ನಮ್ಮ ಹುಡುಗನಿಗೂ ಬಂತು. ಕೆಲವೇ ದಿನಗಳ ತರಬೇತಿ, ಮುಖಕ್ಕೆ ಬಲೆ ತೊಟ್ಟು ಒಂದು ಫೋಟೋ, ಹತ್ತು ಪೆಟ್ಟಿಗೆ. ತರಬೇತಿಯಲ್ಲಿ ರಾಣಿ, ಗಂಡು, ಕೆಲಸಗಾರ ನೊಣಗಳ ಚಿತ್ರ ತೋರಿಸಿದ್ದರು. ಹತ್ತು ಪೆಟ್ಟಿಗೆಯಿಂದ ಬದುಕು ಕಟ್ಟಿಕೊಳ್ಳಬಹುದು ಎಂದೂ ಹೇಳಿದ್ದರು.

ಈ ಮಾತನ್ನು ಕೂಡಿಸಿ ಕಳೆದು ನೋಡೋಣ. ತುಡುವೆಯ ಒಂದು ಪೆಟ್ಟಿಗೆ ವರ್ಷಕ್ಕೆ ಐದರಿಂದ ಹತ್ತು ಕಿಲೋ ಕೊಟ್ಟರೆ ಅದು ಒಳ್ಳೆಯ ಪೆಟ್ಟಿಗೆ. ಸರಾಸರಿ ಏಳು ಎಂದಿಟ್ಟುಕೊಂಡರೂ ಹತ್ತಕ್ಕೆ 70 ಕಿಲೋ. ಕಿಲೋಗೆ 500 ರೂಪಾಯಿ ಸಿಕ್ಕಿತೆನ್ನಿ, 35,000 ಆಯಿತು. ಸಕ್ಕರೆ, ಬಾಟಲಿ, ಬಸ್ ಚಾರ್ಜು ಕಳೆಯುವ ಮುಂಚೆಯೇ ಅದು ತಿಂಗಳಿಗೆ ಮೂರು ಸಾವಿರ ಮುಟ್ಟುವುದಿಲ್ಲ. ಅದೂ ಹತ್ತು ಕುಟುಂಬಗಳೂ ಬದುಕಿ ಉಳಿದರೆ. ಹುಡುಗ ಗಿರಾಕಿಗೆ ಸುಳ್ಳು ಹೇಳುವುದಕ್ಕೆ ಮೊದಲು ಹುಡುಗನಿಗೇ ಒಂದು ಸುಳ್ಳು ಹೇಳಲಾಗಿತ್ತು. ತೂಗುವಾಗ ಇದನ್ನೂ ತಕ್ಕಡಿಗೆ ಹಾಕಬೇಕು.

ಜೂನ್ ಬಂತು. ಘಟ್ಟದ ಕೆಳಗಿನ ಮಳೆಗೆ ನೊಣ ಹೊರಗೆ ಹಾರಲಾರದು. ಹಾರಿದರೂ ಹೂವಿನ ಮಕರಂದ ತೊಳೆದುಹೋಗಿರುತ್ತದೆ. ಪೆಟ್ಟಿಗೆಯೊಳಗಿನ ದಾಸ್ತಾನು ಮುಗಿದರೆ ತುಡುವೆ ಕಾಯುತ್ತ ಕೂರುವ ಜಾತಿಯದಲ್ಲ. ಹಸಿವಾದರೆ, ಇರುವೆ ಕಾಡಿದರೆ, ಮೇಣದ ಹುಳು ಎರಿಯಲ್ಲಿ ಬಲೆ ನೇಯ್ದರೆ, ರಾಣಿಯೊಂದಿಗೆ ಇಡೀ ಸಂಸಾರ ಎದ್ದು ಹೋಗುತ್ತದೆ. ಹುಡುಗ ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿ ಸುಮ್ಮನಿದ್ದ. ಸೆಪ್ಟೆಂಬರಿನಲ್ಲಿ ತೆರೆದಾಗ ಮೂರರಲ್ಲಿ ಮಾತ್ರ ನೊಣ ಇತ್ತು. ಉಳಿದ ಏಳರಲ್ಲಿ ಬೂದುಬಣ್ಣದ ಬಲೆ, ಹಿಟ್ಟಾದ ಮೇಣ.

ಮೂರು ಪೆಟ್ಟಿಗೆಯಿಂದ ಫೆಬ್ರವರಿ, ಮಾರ್ಚಿನಲ್ಲಿ ಸಿಕ್ಕಬಹುದಾದ ಜೇನು ಎಷ್ಟು? ಅಪ್ಪನ ಔಷಧಿಗೆ ಮಾಡಿದ ಸಾಲದ ಬಡ್ಡಿಗೂ ಸಾಲದು. ಪರಿಚಯದವರೆಲ್ಲ ಮುಂಗಡವಾಗಿ ಜೇನು ಹೇಳಿಟ್ಟಿದ್ದರು. ಯಾರೋ ದಾರಿ ತೋರಿಸಿದರು: ಸಕ್ಕರೆ ಪಾಕ ಇಡು, ನೊಣವೇ ಎರಿಗೆ ತುಂಬಿಸುತ್ತದೆ, ನೀನೇನೂ ಕಲಬೆರಕೆ ಮಾಡಿದಂತಾಗುವುದಿಲ್ಲ. ಹುಡುಗ ಮಾರ್ಚಿಡೀ ಪಾಕ ಇಟ್ಟ. ನೊಣ ತುಂಬಿಸಿತು. ಅದನ್ನು ತೆಗೆದು ಬಾಟಲಿ ಮಾಡಿ ಜೇನಿನ ಬೆಲೆಗೆ ಮಾರಿದ.

ಎರಡನೇ ವರ್ಷ ಅವನು ಪಕ್ಕದ ಊರಿನ ಹಿರಿಯರೊಬ್ಬರ ಹಿಂದೆ ಬಿದ್ದ. ಅವನ ಬಾಯಲ್ಲಿ ಅವರು 'ಮಾವ'. 1991-92ರ ಹೊತ್ತಿಗೆ ದಕ್ಷಿಣ ಭಾರತದ ತುಡುವೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹರಡಿ, ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಸಾಕುಜೇನಿನ ನೂರಕ್ಕೆ ತೊಂಬತ್ತರಷ್ಟು ಕುಟುಂಬಗಳು ನಾಶವಾದವು. ಮರಿಹುಳು ಕೋಶದೊಳಗೆ ತಲೆಯೆತ್ತಿಕೊಂಡು, ನೀರು ತುಂಬಿದ ಚೀಲದಂತಾಗಿ ಸಾಯುತ್ತಿತ್ತು. ಔಷಧಿ ಇರಲಿಲ್ಲ. ಮಾವನ ಪೆಟ್ಟಿಗೆಗಳೂ ಆಗ ಖಾಲಿಯಾದವು. ರೋಗ ತಡೆದುಕೊಂಡು ಕಾಡಿನಲ್ಲಿ ಬದುಕುಳಿದ ಕುಟುಂಬವನ್ನು ಹುಡುಕಿ ತಂದು, ಅದರ ಸಂತಾನದಿಂದಲೇ ಅವರು ಮತ್ತೆ ಶುರುಮಾಡಿದ್ದರು. ಅಂಥವರಿಗೆ ಪೆಟ್ಟಿಗೆ ಖಾಲಿಯಾಗುವುದು ಎಂದರೇನೆಂದು ವಿವರಿಸಬೇಕಿಲ್ಲ.

ಅವರು ಹುಡುಗನನ್ನು ಕೇಳಿದ ಮೊದಲ ಪ್ರಶ್ನೆ: "ಮಳೆಗಾಲದಲ್ಲಿ ಸಕ್ಕರೆ ನೀರು ಕೊಟ್ಟಿದ್ದೀಯಾ ಮಾರಾಯ?"

"ಇಲ್ಲ ಮಾವ. ಬೇಸಿಗೆಯಲ್ಲಿ ಕೊಟ್ಟೆ."

"ಕೊಡಬೇಕಾದಾಗ ಕೊಡಲಿಲ್ಲ, ಕೊಡಬಾರದಾಗ ಕೊಟ್ಟೆ."

ಬೈಗುಳ ಅಷ್ಟಕ್ಕೇ ಮುಗಿಯಿತು. ಮರುದಿನದಿಂದ ಕೆಲಸ.

ಆ ಒಂದು ವರ್ಷದಲ್ಲಿ ಅವನು ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನೀತಿಯ ಪ್ರಶ್ನೆ ಈ ವಿವರಗಳೊಳಗೇ ಇದೆ.

ಮೊದಲನೆಯದು, ಎರಿ ಓದುವುದು. ಹೊಸಬರು ಪೆಟ್ಟಿಗೆ ತೆರೆದೊಡನೆ ರಾಣಿಯನ್ನು ಹುಡುಕುತ್ತಾರೆ. ಮಾವ ಹುಡುಕುತ್ತಿರಲಿಲ್ಲ. ಚೌಕಟ್ಟನ್ನು ಬೆಳಕಿಗೆ ಹಿಡಿದು ಕೋಶದ ತಳ ನೋಡುತ್ತಿದ್ದರು. ಮೊಟ್ಟೆ ಒಡೆಯಲು ಮೂರು ದಿನ ಬೇಕು. ಕೋಶಕ್ಕೊಂದರಂತೆ ಮೊಟ್ಟೆ ಕಂಡರೆ ಮೂರು ದಿನಗಳ ಈಚೆಗೆ ರಾಣಿ ಅಲ್ಲಿದ್ದಳು ಎಂದರ್ಥ. ಒಂದೇ ಕೋಶದಲ್ಲಿ ನಾಲ್ಕಾರು ಮೊಟ್ಟೆ ಅಡ್ಡಾದಿಡ್ಡಿ ಬಿದ್ದಿದ್ದರೆ ರಾಣಿ ಹೋಗಿ ದಿನಗಳಾಗಿವೆ, ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗಿವೆ. ಎರಿಯ ಕೆಳ ಅಂಚಿನಲ್ಲಿ ರಾಣಿಕೋಶ ಇಳಿಬಿದ್ದಿದ್ದರೆ ಸಂಸಾರ ಪಾಲಾಗಲು ಹೊರಟಿದೆ. ಓದಿದ ಮೇಲೆ ಏನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಓದಲು ಬಾರದವನಿಗೆ ಯಾವ ಸಲಹೆಯೂ ಉಪಯೋಗಕ್ಕಿಲ್ಲ.

ಎರಡನೆಯದು, ಮಳೆಗಾಲ ದಾಟಿಸುವುದು. ಜೂನ್‌ಗೆ ಮುಂಚೆಯೇ ಜೇನುಕೋಣೆ ತೆಗೆದು ಸಂಸಾರವನ್ನು ಒತ್ತಟ್ಟಿಗೆ ತರಬೇಕು. ಬಡವಾದ ಎರಡು ಕುಟುಂಬಗಳಿದ್ದರೆ ಕೂಡಿಸಿ ಒಂದು ಮಾಡಬೇಕು. ಸ್ಟ್ಯಾಂಡಿನ ಬುಡಕ್ಕೆ ನೀರಿನ ಬಟ್ಟಲು ಕಟ್ಟಿ ಇರುವೆ ತಡೆಯಬೇಕು, ಅಡಿಹಲಗೆ ಕೆರೆದು ಮೇಣದ ಹುಳುವಿನ ಮೊಟ್ಟೆ ತೆಗೆಯಬೇಕು, ನೊಣ ಕೂರದ ಹಳೆ ಎರಿಯನ್ನು ಒಳಗಿಡಬಾರದು. ಸಮಪ್ರಮಾಣದ ಸಕ್ಕರೆ ನೀರನ್ನು ಸಂಜೆ ಹೊತ್ತಿಗೆ ಕೊಡಬೇಕು; ಹಗಲು ಕೊಟ್ಟರೆ ಬಲವಾದ ಪೆಟ್ಟಿಗೆಯ ನೊಣ ಬಡವಾದದ್ದಕ್ಕೆ ನುಗ್ಗಿ ದೋಚುತ್ತದೆ.

ಮೂರನೆಯದು, ಹಿಡಿಯುವುದು. ಹಳೆ ಮನೆಯ ಕೆಂಪುಕಲ್ಲಿನ ಗೋಡೆ, ಹುತ್ತ, ಮರದ ಪೊಟರೆಗಳಲ್ಲಿ ಕೂತ ತುಡುವೆಯನ್ನು ಎರಿ ಸಮೇತ ತೆಗೆದು, ಮರಿಯಿದ್ದ ಭಾಗ ಕತ್ತರಿಸಿ, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ ಪೆಟ್ಟಿಗೆಗೆ ಇಳಿಸುವ ಕೆಲಸ. ಗೋಡೆಯ ಜೇನಿನಿಂದ ಹೆದರಿದ ಮನೆಯವರು ಇದಕ್ಕೆ ಕೂಲಿ ಕೊಡುತ್ತಾರೆ. ಹಿಡಿದವನಿಗೆ ಕುಟುಂಬವೂ ಉಳಿಯುತ್ತದೆ.

ನಾಲ್ಕನೆಯದು, ಪಾಲು ಮಾಡುವುದು. ಮಳೆ ನಿಂತ ಮೇಲೆ, ಪರಾಗ ಹೇರಳವಾಗಿ ಸಂಸಾರ ತುಂಬಿ ಬರುವ ನವೆಂಬರ್, ಡಿಸೆಂಬರಿನಲ್ಲಿ ರಾಣಿಕೋಶ ನೋಡಿಕೊಂಡು ಒಂದನ್ನು ಎರಡು ಮಾಡಬೇಕು. ಇದು ತಿಳಿದವನಿಗೆ ಜೇನಿಗಿಂತ ಮೊದಲು ನೊಣವೇ ಮಾರಾಟದ ಸರಕು. ಜತೆಗೆ ಚೂರು ಬಡಗಿಕೆಲಸ. ನೊಣ ಓಡಾಡಲು ಬಿಡಬೇಕಾದ ಸಂದು ಎಷ್ಟೆಂದು 1851ರಲ್ಲಿ ಲ್ಯಾಂಗ್‌ಸ್ಟ್ರಾತ್ ಕಂಡುಕೊಂಡ ಮೇಲೆಯೇ ಚೌಕಟ್ಟು ಎತ್ತಿಡುವ ಪೆಟ್ಟಿಗೆ ಸಾಧ್ಯವಾದದ್ದು. ಮಿಲಿಮೀಟರಿನ ಲೆಕ್ಕದ ಆ ಸಂದು ತಪ್ಪಿದರೆ ನೊಣ ಅಡ್ಡ ಎರಿ ಕಟ್ಟಿ ಚೌಕಟ್ಟುಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಐದನೆಯದು, ಕಾಯುವುದು. ಹೂವಿನಿಂದ ಬಂದ ಮಕರಂದ ಬಹುಪಾಲು ನೀರು. ನೊಣ ರೆಕ್ಕೆ ಬೀಸಿ ಅದನ್ನು ಆರಿಸಿ, ಹದವಾದ ಮೇಲೆ ಮೇಣದಿಂದ ಬಾಯಿ ಮುಚ್ಚುತ್ತದೆ. ಎರಿಯ ಮುಕ್ಕಾಲು ಭಾಗ ಮುಚ್ಚುವವರೆಗೆ ಕೈ ಹಾಕಬಾರದು. ಕಾನೂನಿನ ಪ್ರಕಾರ ಜೇನಿನಲ್ಲಿ ನೀರು ನೂರಕ್ಕೆ 20 ಮೀರಬಾರದು. ಅವಸರಕ್ಕೆ ತೆಗೆದ ಹಸಿ ಜೇನು ಹುಳಿಯುತ್ತದೆ. ಆಮೇಲೆ ಅದನ್ನು ಕುದಿಸಿ ಕೆಡಿಸುವುದೊಂದೇ ದಾರಿ.

ಹೀಗೆ ಮೂರನೇ ವರ್ಷದ ಹೊತ್ತಿಗೆ ಹುಡುಗನ ಬಳಿ ಮೂವತ್ತು ಜೀವಂತ ಪೆಟ್ಟಿಗೆಗಳಿದ್ದವು. ಡಿಸೆಂಬರಿನಲ್ಲಿ ಹನ್ನೆರಡು ಕುಟುಂಬಗಳನ್ನು ಪೆಟ್ಟಿಗೆ ಸಮೇತ ಮಾರಿಯೂ ಆಗಿತ್ತು. ಮಾರ್ಚಿನ ಕೊನೆಗೆ ಚಾವಡಿಯಲ್ಲಿ 180 ಕಿಲೋ ಜೇನು. ಅದರಲ್ಲಿ 150 ರಬ್ಬರಿನದು, 30 ಕಾಡುಮರಗಳದು. ಆಗ ಬೆಂಗಳೂರಿನ ಅಂಗಡಿಯೊಂದರ ಫೋನು ಬಂತು. ಕಾಡುಜೇನು ಬೇಕು, ಇದ್ದಷ್ಟೂ ಬೇಕು, ಒಳ್ಳೆಯ ಬೆಲೆ.

ಇಲ್ಲಿ ರಬ್ಬರ್ ಜೇನಿನ ವಿಚಾರ ಹೇಳಬೇಕು. ರಬ್ಬರ್ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮತ್ತೆ ಚಿಗುರುವಾಗ, ಮೂರು ಎಲೆ ಕೂಡುವ ತೊಟ್ಟಿನ ತುದಿಯ ಗ್ರಂಥಿಗಳಲ್ಲಿ ಸಿಹಿ ಒಸರುತ್ತದೆ. ಹೂವಿನದಲ್ಲ, ಎಲೆಯದು. ತುಡುವೆ ಅದನ್ನು ತಂದು ಆರಿಸಿ ಮುಚ್ಚಿದರೆ ಅದು ಅಪ್ಪಟ ಜೇನೇ. ತಿಳಿ ಬಣ್ಣ, ಬೇಗ ಹರಳುಗಟ್ಟುವ ಗುಣ. ಆದರೆ ಪೇಟೆಯ ಕಿವಿಗೆ 'ರಬ್ಬರ್' ಎಂಬ ಹೆಸರೇ ಹಿಡಿಸುವುದಿಲ್ಲ.

ಹುಡುಗ ಹೇಳಿದ: "ಹೆಚ್ಚಿನದು ರಬ್ಬರ್ ಜೇನು ಸಾರ್. ಕಾಡಿನದು ಮೂವತ್ತು ಕಿಲೋ ಉಂಟು. ಬೇರೆ ಬೇರೆ ಕ್ಯಾನಿನಲ್ಲಿ ಕಳಿಸುತ್ತೇನೆ, ಹಾಗೇ ಬೇರೆ ಬೇರೆ ಮಾರಬೇಕು."

"ರಬ್ಬರ್ ಅಂದ್ರೆ ಯಾರು ತಗೋತಾರಪ್ಪಾ? ಲೇಬಲ್ ನಾವು ಹಾಕ್ಕೋತೀವಿ. ನೀನ್ಯಾಕೆ ತಲೆ ಕೆಡಿಸ್ಕೋತೀಯ?"

ಪ್ರಕರಣದ ನಿಜವಾದ ಗಂಟು ಇರುವುದು ಈ ಮಾತಿನಲ್ಲಿ. ಅವನು ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಮಾಲು ಅಪ್ಪಟ ಜೇನು, ತಿಂದವರಿಗೆ ಕೆಡುಕಿಲ್ಲ, ಸುಳ್ಳು ಬರೆಯುವ ಕೈ ಇನ್ನೊಬ್ಬನದು. ಮಾವನನ್ನು ಕೇಳಿದ. ಅವರು ಪಾಪ ಪುಣ್ಯದ ಮಾತೆತ್ತಲಿಲ್ಲ. "ರಬ್ಬರಿನದಕ್ಕೆ ಕಾಡಿನ ಹೆಸರಿಟ್ಟರೆ, ನಾಳೆ ಕಾಡಿನದಕ್ಕೆ ಎಂತ ಹೆಸರಿಡುತ್ತೀ?" ಎಂದರು. ಹುಡುಗ ವ್ಯಾಪಾರ ಬಿಟ್ಟ. ರಬ್ಬರ್ ಜೇನನ್ನು ಸಹಕಾರಿ ಸಂಘಕ್ಕೆ ಕಡಿಮೆ ಬೆಲೆಗೆ ಹಾಕಿದ. ಕಾಡಿನದನ್ನು ಹೆಸರು ಹೇಳಿ ಪರಿಚಯದವರಿಗೆ ಮಾರಿದ.

ಈಗ ತೀರ್ಪಿಗೆ ಬರೋಣ. ಮೊದಲ ವರ್ಷ ಸೋತವನು ಮೂರನೇ ವರ್ಷ ಗೆದ್ದದ್ದು ಹೇಗೆ? ಹುಡುಗ ಅದೇ, ಮನೆಯೂ ಅದೇ, ಸಾಲವೂ ಪೂರ್ತಿ ತೀರಿರಲಿಲ್ಲ. ಆದರೆ ಮೊದಲ ವರ್ಷ ಅವನ ಬಳಿ ಮಾರಲು ಬೇರೇನೂ ಇರಲಿಲ್ಲ. ಮೂರನೇ ವರ್ಷ ಹನ್ನೆರಡು ಕುಟುಂಬಗಳ ಹಣ ಕೈಗೆ ಬಂದಿತ್ತು, ಗೋಡೆಯ ಜೇನು ತೆಗೆದ ಕೂಲಿ ಇತ್ತು, ಮುಂದಿನ ವರ್ಷಕ್ಕೆ ಪೆಟ್ಟಿಗೆಗಳು ಉಳಿಯುವ ಭರವಸೆ ಇತ್ತು. ಬೇಡ ಎನ್ನುವ ಧೈರ್ಯ ಅವನಿಗೆ ಬಂದದ್ದು ಪಾಲು ಮಾಡಲು ಬಲ್ಲ ಕೈಯಿಂದ, ಎರಿ ಓದಲು ಬಲ್ಲ ಕಣ್ಣಿನಿಂದ. ಕಸುಬು ಬಾರದವನಿಗೆ ಪ್ರಾಮಾಣಿಕತೆ ದುಬಾರಿ. ಕಸುಬು ಕಲಿಸದೆ ಪ್ರಾಮಾಣಿಕನಾಗಿರು ಎಂದು ಹೇಳುವವರು ಆ ಬೆಲೆಯನ್ನು ಅವನೊಬ್ಬನ ತಲೆಗೆ ಕಟ್ಟುತ್ತಾರೆ.

ಬಡತನಕ್ಕೆ ಹೆದರಿ ಮಾಡಿದ ಮೋಸ ಮೋಸವಲ್ಲವೇ ಎಂದು ಕೇಳಬಹುದು. ಮೋಸವೇ. ಬಾಟಲಿ ಕೊಂಡವರಲ್ಲಿ ಅವನಷ್ಟೇ ಬಡವರೂ ಇದ್ದಿರಬಹುದು, ಮಗುವಿನ ಕೆಮ್ಮಿಗೆಂದು ಕೊಂಡಿರಬಹುದು. ನೊಣವೇ ತುಂಬಿಸಿತು ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಸಕ್ಕರೆ ಒಂದೇ. ಜುಲೈಯಲ್ಲಿ ಇಟ್ಟರೆ ಅದು ಹಸಿದ ಸಂಸಾರಕ್ಕೆ ಅನ್ನ. ಮಾರ್ಚಿನಲ್ಲಿ ಇಟ್ಟರೆ ಕಳವು. ಆದರೆ ಜುಲೈಯಲ್ಲಿ ಇಡದೆ ಹೋದದ್ದಕ್ಕೇ ಅವನು ಮಾರ್ಚಿನಲ್ಲಿ ಇಡಬೇಕಾಯಿತು. ಎರಡನೆಯ ತಪ್ಪು ಅವನದು. ಮೊದಲನೆಯ ತಪ್ಪಿನಲ್ಲಿ, ಅವನಿಗೆ ಪೆಟ್ಟಿಗೆ ಕೊಟ್ಟು ಮಳೆಗಾಲದ ಪಾಠ ಹೇಳದವರ ಪಾಲೂ ಇದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕಸುಬು ಬಲ್ಲವರೆಲ್ಲ ಪ್ರಾಮಾಣಿಕರೇ? 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪೇಟೆಯ 13 ಬ್ರ್ಯಾಂಡುಗಳ 22 ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು ಐದು ಮಾತ್ರ. ಕಂಪನಿಗಳು ಆರೋಪವನ್ನು ಅಲ್ಲಗಳೆದವು. ನಮ್ಮ ದೇಶದ ಸಾಮಾನ್ಯ ಪರೀಕ್ಷೆಗಳಿಗೆ ಸಿಗದಂತೆಯೇ ತಯಾರಿಸಿದ ಪಾಕಗಳು ಮಾರುಕಟ್ಟೆಯಲ್ಲಿವೆ ಎಂದು ಆ ವರದಿ ಹೇಳಿತು. ಅಂಥ ಪಾಕ ಮಾಡುವವನು ದಡ್ಡನಲ್ಲ, ನುರಿತವನು. ಹಾಗಾದರೆ ಕೌಶಲದಿಂದ ನೀತಿ ಹುಟ್ಟುತ್ತದೆ ಎನ್ನುವ ಮಾತು ಬಿದ್ದುಹೋಯಿತಲ್ಲ?

ಪೂರ್ತಿ ಬೀಳುವುದಿಲ್ಲ. ಪಾಕ ಮಾಡುವವನ ಜಾಣತನ ಪರೀಕ್ಷಾಲಯದ ಕಡೆಗೆ ಮುಖ ಮಾಡಿದೆ; ಅವನಿಗೆ ನೊಣ ಬೇಕಿಲ್ಲ. ಜೇನು ಸಾಕುವವನ ಕಸುಬು ನೊಣದ ಕಡೆಗೆ ಮುಖ ಮಾಡಿದ್ದು. ತುಡುವೆಯನ್ನು ಬೆದರಿಸಿ ಇಟ್ಟುಕೊಳ್ಳಲಾಗದು, ಬೇಲಿ ಹಾಕಲಾಗದು, ಹಗ್ಗ ಕಟ್ಟಲಾಗದು. ಪೂರಾ ದೋಚಿದರೆ ಅದು ಮಾರನೇ ವಾರ ಇರುವುದಿಲ್ಲ. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕ ದಿನನಿತ್ಯದ ಕೆಲಸವಾದವನಿಗೆ ಮಿತಿ ಎಂಬುದು ಬೋಧನೆಯಾಗಿ ಬರುವುದಿಲ್ಲ, ಅಭ್ಯಾಸವಾಗಿ ಕೂರುತ್ತದೆ. ಅಭ್ಯಾಸ ಇದ್ದವರೂ ಎಡವುತ್ತಾರೆ, ನಿಜ. ಆದರೆ ಎಡವದಿರಲು ಅವರ ಕಾಲ ಕೆಳಗೆ ನೆಲವಾದರೂ ಇರುತ್ತದೆ.

ಈ ಕಸುಬಿನಲ್ಲಿ ಅಜ್ಞಾನಕ್ಕೂ ಮಾಫಿ ಇಲ್ಲ ಎಂಬುದನ್ನೂ ಸೇರಿಸಬೇಕು. ಹುಡುಗ ಮೊದಲ ವರ್ಷ ತೆರೆದಿಟ್ಟ ಸತ್ತ ಎರಿಗಳಿಂದ ಮೇಣದ ಹುಳು ನೆರೆಮನೆಯ ಪೆಟ್ಟಿಗೆಗೂ ಹೋಗಿರುತ್ತದೆ. ರೋಗದ ಚೌಕಟ್ಟೊಂದನ್ನು ತಿಳಿಯದೆ ಇನ್ನೊಂದು ಪೆಟ್ಟಿಗೆಗೆ ಹಾಕಿದರೆ ಸ್ಯಾಕ್‌ಬ್ರೂಡ್ ಊರೂರು ದಾಟುತ್ತದೆ. ಅಡಿಕೆ ತೋಟ ನೋಡಿಕೊಳ್ಳದವನು ಮುಖ್ಯವಾಗಿ ತನ್ನ ಫಸಲು ಕಳೆದುಕೊಳ್ಳುತ್ತಾನೆ. ಜೇನು ನೋಡಿಕೊಳ್ಳದವನು ನೆರೆಯವನದನ್ನೂ ಕಳೆಯುತ್ತಾನೆ. ಹೀಗಾಗಿ ಇಲ್ಲಿ ಕಲಿಯುವುದು ಬರೀ ಲಾಭದ ಮಾತಾಗಿ ಉಳಿಯದೆ ಕರ್ತವ್ಯವೂ ಆಗುತ್ತದೆ.

ಕೊಳ್ಳುವವರ ಪಾಲನ್ನೂ ಬಿಡಬಾರದು. ನೀರಿನ ಲೋಟಕ್ಕೆ ಹನಿಸಿ ನೋಡುವುದು, ಬತ್ತಿಗೆ ಹಚ್ಚಿ ಉರಿಸುವುದು, ಇರುವೆ ಬರುತ್ತದೆಯೇ ಎಂದು ಕಾಯುವುದು, ಇವು ಯಾವುವೂ ಪಾಕವನ್ನು ಹಿಡಿಯಲಾರವು. ಆದರೂ ಜನ ಇವನ್ನೇ ನಂಬುತ್ತಾರೆ. ಹರಳುಗಟ್ಟಿದ ಜೇನನ್ನು ಸಕ್ಕರೆ ಹಾಕಿದ್ದೀರಿ ಎಂದು ವಾಪಸು ಕೊಡುತ್ತಾರೆ. ರಬ್ಬರ್ ಜೇನಂತೂ ತಾನಾಗಿ ಹರಳುಗಟ್ಟುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ನಿಜವಾದದ್ದು ಮರಳಿ ಬಂದು, ಎಂದೂ ಹರಳುಗಟ್ಟದ ಪಾಕ ಮಾರಿಹೋಗುವ ಪೇಟೆಯಲ್ಲಿ ಹುಡುಗ ಎಷ್ಟು ವರ್ಷ ನಿಜ ಹೇಳಿಯಾನು? ಆದ್ದರಿಂದ ಗಿರಾಕಿಗೆ ತಿಳಿಹೇಳುವುದೂ ಅವನು ಕಲಿಯಬೇಕಾದ ಕಸುಬೇ: ಯಾವ ತಿಂಗಳ ಜೇನು, ಯಾವ ಮರದ್ದು, ಯಾಕೆ ಗಟ್ಟಿಯಾಯಿತು ಎಂದು ಬಾಟಲಿಯ ಮೇಲೆ ಬರೆಯುವುದು, ಕೇಳಿದವರಿಗೆ ಬೇಸರಿಸದೆ ಹೇಳುವುದು.

ಇಷ್ಟರ ಮೇಲೆ ಬೇಡಿಕೆ ಒಂದೇ. ಜೇನಿನ ತರಬೇತಿ ಒಂದು ವರ್ಷದ್ದಾಗಿರಲಿ, ಯಾಕೆಂದರೆ ಜೇನಿನ ಪಾಠ ಒಂದು ವರ್ಷದ್ದು. ಮಳೆಗಾಲವನ್ನು ಬೇಸಿಗೆಯ ಕೊಠಡಿಯಲ್ಲಿ ಕಲಿಸಲಾಗದು. ಯುವಕನಿಗೆ ಹತ್ತು ಪೆಟ್ಟಿಗೆಯ ಬದಲು ಮೊದಲು ಎರಡು ಕೊಟ್ಟು, ಬಲ್ಲವರೊಬ್ಬರ ಜತೆ ಬಿಟ್ಟು, ಆ ಬಲ್ಲವರಿಗೂ ಸಂಬಳ ಕೊಡಲಿ. ಅವನು ತಾನೇ ಪಾಲು ಮಾಡಿ ಎರಡನ್ನು ಆರು ಮಾಡಿದ ಮೇಲೆ ಉಳಿದ ಪೆಟ್ಟಿಗೆ ಬರಲಿ. ವರದಿಯಲ್ಲಿ ಹಂಚಿದ ಪೆಟ್ಟಿಗೆಗಳ ಸಂಖ್ಯೆ ಬರೆಯುವುದನ್ನು ನಿಲ್ಲಿಸಿ, ಎರಡನೇ ಮಳೆಗಾಲ ಕಳೆದ ಮೇಲೆ ಹೋಗಿ ಮುಚ್ಚಳ ತೆರೆದು, ನೊಣ ಇರುವ ಪೆಟ್ಟಿಗೆಗಳನ್ನು ಎಣಿಸಿ ಬರೆಯಲಿ. ಆ ಸಂಖ್ಯೆ ಏರಿದ ಕಡೆ ಕಲಬೆರಕೆ ತಾನಾಗಿ ನಿಂತೀತೆಂದು ನಾನು ಹೇಳಲಾರೆ. ಆ ಸಂಖ್ಯೆ ಸೊನ್ನೆಯಾದ ಕಡೆ ನಿಂತು, ಮಾರ್ಚಿನಲ್ಲಿ ಸಕ್ಕರೆ ಇಟ್ಟ ಹುಡುಗನೊಬ್ಬನನ್ನೇ ಕಟಕಟೆಗೆ ಹತ್ತಿಸುವುದು ಮಾತ್ರ ಅನ್ಯಾಯ.